ಪ್ರಚಾರಕ್ಕೆ ಹೋದ ಅಕ್ಕ

ಪ್ರಾಣೇಶನ ಕೆನ್ನೆಗೆ ನಾನು ಹೊಡೆದದ್ದು ನಿಜ. ಚಂದ್ರಕಾಂತ ಟಾಕೀಸಿನ ಮೆಟ್ಟಿಲ ಮೇಲೆ, ಹೌಸ್‌ಫುಲ್ ಬೋರ್ಡಿನ ಪಕ್ಕದಲ್ಲೇ, ಮ್ಯಾಟಿನಿ ಬಿಟ್ಟು ಜನ ಹೊರಗೆ ಬರುತ್ತಿದ್ದಾಗ ಹೊಡೆದೆ. ಅದಕ್ಕೆ ಪಶ್ಚಾತ್ತಾಪವಿಲ್ಲ. ಒಂದೇ ಕೆನ್ನೆಗೆ ಹೊಡೆದು ಬಿಟ್ಟೆನಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ. ಇದನ್ನೆಲ್ಲ ನಾನು ಬರೆಯುತ್ತಿದ್ದೇನೆ, ಬಾಯಿಬಿಟ್ಟು ಹೇಳುತ್ತಿಲ್ಲ. ಬರೆದದ್ದನ್ನು ನಮ್ಮ ಊರಿನಲ್ಲಿ ಯಾರೂ ನಂಬುವುದಿಲ್ಲ. ನೀವೂ ನಂಬದಿದ್ದರೆ ಅದು ನಿಮ್ಮ ಹಣೆಬರಹ.

ನಮ್ಮ ಊರಿನಲ್ಲಿ ಎದುರಿಗಿದ್ದವರ ಮುಖ ನೋಡಿ ಒಂದು ಸಂಗತಿಯನ್ನು ಹೇಳಿದರೆ, ಅದು ಹೇಳಿದವರ ತಲೆಯಿಂದ ಹೋಗಿಬಿಡುತ್ತದೆ. ಕೇಳಿದವರ ಹತ್ತಿರ ಉಳಿಯುತ್ತದೆ, ಅವರು ಇನ್ನೊಬ್ಬರಿಗೆ ಹೇಳುವ ತನಕ. ಅನ್ನ ಬೆಂದಿತು, ಬಸ್ಸು ಬಂತು ಎನ್ನುವಂಥವು ಹೋದರೆ ಯಾರಿಗೂ ನಷ್ಟವಿಲ್ಲ. ದೊಡ್ಡ ಸಂಗತಿ ಹೇಳಿದವರಿಗೆ ಮಾತ್ರ ಕೇಳಿದವರು ಒಂದು ಚೂರು ಬೆಲ್ಲ ಕೊಡಬೇಕು. ಅದಕ್ಕಾಗಿಯೇ ಇಲ್ಲಿನ ಗಂಡಸರ ಜೇಬಿನಲ್ಲಿ, ಹೆಂಗಸರ ಸೆರಗಿನ ಗಂಟಿನಲ್ಲಿ ಸದಾ ಬೆಲ್ಲವಿರುತ್ತದೆ, ಜೊತೆಗೆ ನಾಲ್ಕು ಇರುವೆಗಳೂ ಇರುತ್ತವೆ. ಬಾಯಲ್ಲಿ ಬೆಲ್ಲ ಕರಗುವಾಗ, ಏನನ್ನೋ ಕೊಟ್ಟೆ ಎನ್ನುವುದಾದರೂ ಮನುಷ್ಯನಿಗೆ ಗೊತ್ತಾಗುತ್ತದೆ. ಮೇಷ್ಟ್ರುಗಳು ಪುಸ್ತಕ ನೋಡಿ ಓದಿಸುತ್ತಾರೆಯೇ ಹೊರತು ತಾವಾಗಿ ಬಾಯಿ ಬಿಡುವುದಿಲ್ಲ. ಸಾರಿನ ಪುಡಿಗೆ ಏನೇನು ಹಾಕಬೇಕೆಂದು ಅತ್ತೆ ಸೊಸೆಗೆ ಹೇಳುವುದಿಲ್ಲ, ಪಕ್ಕದಲ್ಲಿ ನಿಲ್ಲಿಸಿಕೊಂಡು ಹುರಿದು ತೋರಿಸುತ್ತಾಳೆ. ಬೈದರೆ ಮಾತ್ರ ತಲೆಯಿಂದ ಏನೂ ಹೋಗುವುದಿಲ್ಲ. ಹಾಗಾಗಿ ನಮ್ಮಲ್ಲಿ ಬೈಗುಳ ಧಾರಾಳ, ನಾನೂ ಅದರಲ್ಲಿ ಜಿಪುಣಿಯಲ್ಲ.

ನನ್ನ ಅಕ್ಕ ಇಂದುಮತಿ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವಳು. ಅವಳಿಗೆ ಇಪ್ಪತ್ತು ತುಂಬಿದ ವರ್ಷ ಮಣ್ಣು ತೆಗೆಯುವ ಗುಂಡಿಯ ದಂಡೆ ಕುಸಿದು ಸತ್ತಳು. ಆಗ ನನಗೆ ಆರು ವರ್ಷ. ಮೂವತ್ತೆರಡು ವರ್ಷಗಳಲ್ಲಿ ಅಮ್ಮ ಅಕ್ಕನ ಬಗ್ಗೆ ನನ್ನ ಹತ್ತಿರ ಒಂದು ಮಾತು ಆಡಿದವಳಲ್ಲ. ಬೇರೆ ಊರಿನಲ್ಲಾದರೆ ಇದನ್ನು ಕಲ್ಲು ಮನಸ್ಸು ಎನ್ನುತ್ತಾರೇನೋ, ನಮ್ಮಲ್ಲಿ ಇದಕ್ಕೆ ಪ್ರೀತಿ ಎನ್ನುತ್ತಾರೆ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅಮ್ಮ ಗೋಡೆಯ ಮೇಲಿನ ಫೋಟೋದ ಎದುರು ಕಾಲು ಗಂಟೆ ಕೂರುತ್ತಿದ್ದಳು. ಒಮ್ಮೊಮ್ಮೆ ತನ್ನಷ್ಟಕ್ಕೇ ನಗುತ್ತಿದ್ದಳು. ಏನಮ್ಮಾ ಎಂದು ಕೇಳಿದರೆ ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದು ಹೋಗುತ್ತಿದ್ದಳು. ಆ ನಗುವಿನೊಳಗೆ ಏನಿತ್ತು ಎಂದು ನನಗೆ ಯಾವತ್ತೂ ಗೊತ್ತಾಗಲಿಲ್ಲ. ನನ್ನ ಹತ್ತಿರ ಅಕ್ಕನದು ಒಂದೇ ಒಂದು ನೆನಪಿತ್ತು. ಅದನ್ನು ನಾನೂ ಯಾರಿಗೂ ಹೇಳಿರಲಿಲ್ಲ.

ನಾನು ಸಿನಿಮಾ ಮಾಡಿದ್ದು ಈ ಕಾರಣಕ್ಕೇ. ಪರದೆಗೆ ಮುಖವಿಲ್ಲ, ಅದರ ಮೇಲೆ ತೋರಿಸಿದರೆ ಯಾರ ತಲೆಯಿಂದಲೂ ಏನೂ ಹೋಗುವುದಿಲ್ಲ. ಅಕ್ಕನ ಬಗ್ಗೆ ಊರಿಗೆಲ್ಲ ಹೇಳಬೇಕು, ಆದರೆ ಕಳೆದುಕೊಳ್ಳಬಾರದು. ನಾಲ್ಕು ವರ್ಷ ಒದ್ದಾಡಿದೆ. ಗೊತ್ತಿದ್ದದ್ದು ಅಷ್ಟಿಷ್ಟು, ಕಟ್ಟಿಕೊಂಡದ್ದು ಬೇಕಾದಷ್ಟು. ಮುಚ್ಚಿದ ಕಾರ್ಖಾನೆಯಲ್ಲಿ ಚಿತ್ರೀಕರಣ ಮಾಡಿದೆ. ಅಲ್ಲಿ ಹಿಂದೆ ದುಡಿದಿದ್ದ ಹೆಂಗಸರೇ ಬಂದು ಹೆಂಚು ಹೊರುವುದು ಹೇಗೆ, ತಲೆಯ ಮೇಲಿನ ಸಿಂಬೆ ಜಾರದಂತೆ ಕತ್ತು ತಿರುಗಿಸುವುದು ಹೇಗೆ ಎಂದು ಮಾಡಿ ತೋರಿಸಿದರು. ನನ್ನ ಹತ್ತಿರವಿದ್ದ ಆ ಒಂದು ನೆನಪನ್ನು ಮಾತ್ರ ಸಿನಿಮಾದಲ್ಲಿ ಹಾಕಲಿಲ್ಲ. ಹೆಸರು ‘ಕೆಂಪು ಹೆಂಚು’ ಎಂದಿಟ್ಟೆ.

ಸಿನಿಮಾ ಮುಗಿದಾಗ ಕೈ ಖಾಲಿ. ಚಂದ್ರಕಾಂತ ಟಾಕೀಸಿನವರು ಶುಕ್ರವಾರದ ಮ್ಯಾಟಿನಿ ಒಂದನ್ನು ಕೊಟ್ಟರು. ಅರ್ಧ ಸೀಟಾದರೂ ತುಂಬಿದರೆ ವಾರ ಪೂರ್ತಿ ನಿಮ್ಮದು, ಇಲ್ಲದಿದ್ದರೆ ಶನಿವಾರದಿಂದ ದೊಡ್ಡ ಹೀರೋ ಸಿನಿಮಾ ಹಾಕುತ್ತೇವೆ ಎಂದರು. ಪ್ರಚಾರಕ್ಕೆ ಪ್ರಾಣೇಶನೇ ಗತಿ. ಕಡಿಮೆ ಖರ್ಚಿನಲ್ಲಿ ಸಿನಿಮಾದ ಹೆಸರು ಊರಿನ ಬಾಯಿಗೆ ಹತ್ತಿಸುವುದರಲ್ಲಿ ಅವನದು ಎತ್ತಿದ ಕೈ. ಇಸ್ತ್ರಿ ಮಾಡಿದ ತುಂಬು ತೋಳಿನ ಶರ್ಟು, ಕಿವಿಯ ಮೇಲೊಂದು ಪೆನ್ನು, ಯಾರನ್ನು ಕಂಡರೂ ಹಳೇ ಗೆಳೆಯನನ್ನು ಕಂಡಂಥ ನಗು. ಆ ನಗುವನ್ನು ನೆನೆಸಿಕೊಂಡರೆ ಈಗಲೂ ಕೈ ಕಡಿಯುತ್ತದೆ.

ಪಾಪ, ಅವನು ಸುಮ್ಮನೆ ಕೂತವನಲ್ಲ, ಅದನ್ನೂ ಬರೆಯಬೇಕು. ಕಾರ್ಖಾನೆಯ ಅಂಗಳದಿಂದ ಹಳೇ ಹೆಂಚುಗಳನ್ನು ತರಿಸಿ, ಸುಣ್ಣದಲ್ಲಿ ಸಿನಿಮಾದ ಹೆಸರು ಬರೆದು ಬಸ್‌ಸ್ಟ್ಯಾಂಡಿನ ಉದ್ದಕ್ಕೂ ನಿಲ್ಲಿಸಿದ. ಜನ ಅವನ್ನು ಕೋಳಿಗೂಡಿಗೆ ಹೊದಿಸಲು ಮನೆಗೆ ಒಯ್ದರು. ಬೇಕರಿಯವನನ್ನು ಹಿಡಿದು ಬನ್ನಿನ ಕಾಗದದ ಮೇಲೆ ಮೊಹರು ಒತ್ತಿಸಿದ. ಆಟೋಗೆ ಮೈಕು ಕಟ್ಟಿ ರೆಕಾರ್ಡು ಹಾಕಿ ಓಡಿಸಿದ. ಸಂತೆಯ ಹೆಂಗಸೊಬ್ಬಳು ಆಟೋ ನಿಲ್ಲಿಸಿ, “ಅದು ಬೆಳಗ್ಗೆಯಿಂದ ಹೇಳ್ತಾನೇ ಇದೆಯಲ್ಲಪ್ಪ, ಅದಕ್ಕೇನೂ ಮರೆತೇ ಹೋಗ್ತಿಲ್ವಲ್ಲ! ಹಂಗಿದ್ರೆ ಅದರಲ್ಲಿ ಏನಿದ್ದೀತು?” ಎಂದು ಕೇಳಿದಳು. ನಮ್ಮ ಊರಿನ ಜನವೇ ಹಾಗೆ. ಹೇಳಿದವನಿಗೆ ನಷ್ಟವಾಗದ ಮಾತನ್ನು ಅವರು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಭಾನುವಾರ ಪ್ರಾಣೇಶ ಮನೆಗೆ ಬಂದ. ಅಮ್ಮ ಒಳಗೆ ಕಾಫಿ ಸೋಸುತ್ತಿದ್ದಳು. “ಮೇಡಂ, ಒಂದೇ ದಾರಿ. ಮಂಗಳವಾರ ಸಂತೆ ಕಟ್ಟೆ ಮೇಲೆ ನಿಂತು ನಿಮ್ಮ ಅಕ್ಕನ್ನ ನೀವೇ ಹೇಳ್ಬಿಡಿ. ಹತ್ತು ನಿಮಿಷ ಸಾಕು. ಆಮೇಲೆ ನೀವು ಕಣ್ ಕಣ್ ಬಿಡೋದನ್ನ ಜನ ನೋಡ್ಬೇಕು. ಅದನ್ನ ನೋಡಿದ್ರೆ ಶುಕ್ರವಾರ ಟಾಕೀಸಿನ ಗೇಟು ಮುರೀತಾರೆ” ಎಂದ. “ನಿನ್ನ ನಾಲಿಗೆಗೆ ಹುಳ ಬೀಳ” ಎಂದೆ. ಅವನು ನಕ್ಕ. “ಬೈರಿ, ಪರವಾಗಿಲ್ಲ. ಆದ್ರೆ ಶನಿವಾರ ನಿಮ್ಮ ಸಿನಿಮಾ ಡಬ್ಬಕ್ಕೆ ಹೋಗುತ್ತೆ, ಮತ್ತೆ ಆಚೆ ಬರಲ್ಲ” ಎಂದ. ಕಾಫಿ ಕೊಡದೆ ಕಳಿಸಿದೆ. ಒಳಗೆ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ ಎಂದು ನನಗೆ ಹೊಳೆಯಲೇ ಇಲ್ಲ. ಆಗ ಹೊಳೆಯಬೇಕಾಗಿತ್ತು.

ಸೋಮವಾರ ನಾನು ಸಿನಿಮಾದ ಡಿಸ್ಕ್ ತರಲು ಪಟ್ಟಣಕ್ಕೆ ಹೋದೆ. ಬುಧವಾರ ಮಧ್ಯಾಹ್ನ ತಿರುಗಿ ಬರುವಾಗ ಬಸ್ಸಿನಲ್ಲಿ ಇಬ್ಬರು ಅಪರಿಚಿತರು ‘ಕೆಂಪು ಹೆಂಚು’ ಎಂದು ಮಾತಾಡುತ್ತಿದ್ದರು. ಖುಷಿಯಾಯಿತು, ಸುಳ್ಳೇಕೆ ಬರೆಯಲಿ. ಮನೆಯ ಬಾಗಿಲಲ್ಲಿ ಪಕ್ಕದ ಮನೆಯ ಸುಶೀಲಕ್ಕ ನನಗಾಗಿಯೇ ಕಾದು ನಿಂತಿದ್ದಳು. ಕೈ ಹಿಡಿದು ಜಗಲಿಯ ಮೇಲೆ ಕೂರಿಸಿದಳು. “ವಿಮಲಾ, ನಿಮ್ಮಮ್ಮ ನಿನ್ನೆ ಸಂತೇಲಿ ಇಂದೂನ ಹೇಳ್ಬಿಟ್ಲು ಕಣೆ. ಇನ್ನೂರು ಜನ ಇದ್ರು. ಆ ಪ್ರಾಣೇಶ ಬಂದು ಕರ್ಕೊಂಡು ಹೋದ. ಬೇಡ ನಾಗವೇಣಕ್ಕ ಅಂತ ಸೆರಗು ಹಿಡಿದು ಎಳ್ದೆ. ಹೋದವಳನ್ನ ಇಟ್ಕೊಂಡು ಇರೋಳನ್ನ ಮುಳುಗಿಸ್ಲಾ ಅಂದ್ಲು. ಅವಳು ಹೇಳೋಕೆ ಶುರು ಮಾಡ್ದಾಗ ನಾನು ಎರಡೂ ಕಿವಿ ಮುಚ್ಕೊಂಡೆ. ನನಗೆ ಸೇರಿದ್ದಲ್ಲ ಅದು” ಎಂದಳು. ಮಾತು ಮುಗಿದದ್ದೇ ಅವಳ ಮುಖ ಸಪಾಟಾಯಿತು. ನನ್ನನ್ನು ನೋಡಿ, “ಅಯ್ಯೋ, ಯಾಕೆ ವಿಮಲಾ ಅಳ್ತಿದೀಯ? ಯಾವಾಗ ಬಂದೆ?” ಎಂದಳು. ನಾನು ಅವಳ ಬಾಯಿಗೆ ಬೆಲ್ಲ ಹಾಕಿದೆ. ಇಡೀ ಊರಿನಲ್ಲಿ ಅಮ್ಮನ ಮಾತನ್ನು ಒಂದಕ್ಷರ ಕೆಡಿಸದೆ ಇಟ್ಟುಕೊಳ್ಳಬಲ್ಲ ಒಬ್ಬಳೇ ಒಬ್ಬಳಿದ್ದಳು. ಅವಳೇ ಮರ್ಯಾದೆಗೆ ಕಿವಿ ಮುಚ್ಚಿಕೊಂಡಿದ್ದಳು. ಇಂಥ ಮರ್ಯಾದೆಗೆ ಬೆಂಕಿ ಬೀಳಲಿ.

ಒಳಗೆ ಅಮ್ಮ ಒಬ್ಬಟ್ಟು ತಟ್ಟುತ್ತಿದ್ದಳು. ಅಡುಗೆಮನೆಯಲ್ಲಿ ಮೂರು ಡಬ್ಬಿ ತುಂಬ ಚೂರು ಬೆಲ್ಲ. ಕಪ್ಪು, ಹಳದಿ, ಯಾರದೋ ಜೇಬಿನ ದಾರ ಅಂಟಿದ್ದು, ಯಾರದೋ ಎಲೆಯಡಿಕೆ ವಾಸನೆಯದ್ದು. “ಬಾರೆ ವಿಮ್ಲಿ. ಏನೋ ಹೇಳಿದೀನಿ ಕಣೆ, ಇಷ್ಟು ಬೆಲ್ಲ ಬಂದಿದೆ ಅಂದ್ರೆ ದೊಡ್ಡದೇ ಇರ್ಬೇಕು. ಹಾಳಾಗೋದು ಬೇಡ ಅಂತ ಹೂರಣ ಮಾಡ್ದೆ” ಎಂದಳು. ಅಷ್ಟು ಹಗುರವಾಗಿ ಅವಳು ಓಡಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಬಿಸಿ ಒಬ್ಬಟ್ಟಿಗೆ ತುಪ್ಪ ಹಾಕಿ ನನ್ನ ಮುಂದಿಟ್ಟಳು. ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಆಮೇಲೆ ಪಾತ್ರೆ ತೊಳೆದು, ಅಭ್ಯಾಸಬಲದಿಂದ ಫೋಟೋದ ಎದುರು ಹೋಗಿ ಕೂತಳು. ಕೂತು, ಯಾಕೆ ಕೂತೆ ಎಂದು ಗೊತ್ತಾಗದೆ, ಸೀರೆ ಕೊಡವಿಕೊಂಡು ಎದ್ದಳು.

ನನಗೆ ಯಾರ ಮೇಲೆ ಎಷ್ಟು ಸಿಟ್ಟು ಬಂದಿತ್ತು ಎಂದು ಹೇಗೆ ಬರೆಯಲಿ? ಪ್ರಾಣೇಶನ ಮೇಲೆ ಬಂದದ್ದು ಸರಿಯೇ. ಅಮ್ಮನ ಮೇಲೂ ಬಂತು. ಮೂವತ್ತೆರಡು ವರ್ಷ ಹೊಟ್ಟೆಯ ಮಗಳಿಗೆ ಹೇಳದ್ದನ್ನು ಬದನೆಕಾಯಿ ಮಾರುವವನಿಗೆ ಹೇಳಿದ್ದಳು, ಪ್ಲಾಸ್ಟಿಕ್ ಬಿಂದಿಗೆಯವನಿಗೆ ಹೇಳಿದ್ದಳು. ನನಗೆ ಹೇಳಿದ್ದರೆ ಮನೆಯಲ್ಲಾದರೂ ಇರುತ್ತಿತ್ತಲ್ಲ! ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೇ ಬಂತು, ಬಸ್ಸಿನಲ್ಲಿ ಖುಷಿಪಟ್ಟವಳು ನಾನೇ. ಆದರೂ ಒಂದು ಆಸೆ ಇತ್ತು. ಸಿನಿಮಾ ನೋಡಿದರೆ ಅಮ್ಮನಿಗೆ ತಿರುಗಿ ಬಂದೀತು. ಕಾರ್ಖಾನೆ ಅದೇ, ಗುಂಡಿ ಅದೇ, ಅಕ್ಕನ ಪಾತ್ರ ಮಾಡಿದ ಹುಡುಗಿಗೆ ಉಡಿಸಿದ್ದು ಅಕ್ಕನದೇ ಹಸಿರು ಸೀರೆ. ಎರಡು ದಿನ ಆ ಆಸೆಯಲ್ಲೇ ಕಳೆದೆ.

ಶುಕ್ರವಾರ ಪ್ರಾಣೇಶ ಹೇಳಿದಂತೆಯೇ ಆಯಿತು, ಗೇಟು ಮುರಿಯುವುದೊಂದು ಬಾಕಿ. ಸಂತೆಯಲ್ಲಿ ಕೇಳಿದವರು ಮನೆಗಳಲ್ಲಿ ಹೇಳಿ ಮರೆತು, ಮನೆಯಲ್ಲಿ ಕೇಳಿದವರು ನಲ್ಲಿಯ ಹತ್ತಿರ ಹೇಳಿ ಮರೆತು, ಆ ಸುದ್ದಿ ಮೂರು ದಿನದಲ್ಲಿ ಎಷ್ಟು ಬಾಯಿ ದಾಟಿತ್ತೋ. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಅಮ್ಮ ನನ್ನ ಪಕ್ಕದಲ್ಲಿ ಕೂತಿದ್ದಳು, ರೇಷ್ಮೆ ಸೀರೆ ಉಟ್ಟಿದ್ದಳು. ಪರದೆಯ ಮೇಲೆ ಅಕ್ಕ ಹೆಂಚು ಹೊತ್ತು ಏಣಿ ಹತ್ತಿದಳು. ಅಮ್ಮ ಮುಂದಕ್ಕೆ ಬಾಗಿ ನೋಡಿದಳು. ನಾನು ಪರದೆಯನ್ನು ಬಿಟ್ಟು ಅಮ್ಮನ ಮುಖವನ್ನೇ ನೋಡುತ್ತಿದ್ದೆ. ಗುಂಡಿ ಕುಸಿದಾಗ ಟಾಕೀಸಿಗೆ ಟಾಕೀಸೇ ಅತ್ತಿತು. ಅಮ್ಮನೂ ಅತ್ತಳು, ಎಲ್ಲರೂ ಅಳುವಂತೆ. ಕಣ್ಣೊರೆಸಿಕೊಂಡು ನನ್ನ ಕಿವಿಯ ಹತ್ತಿರ ಬಾಗಿ ಕೇಳಿದಳು: “ಪಾಪ ಕಣೆ ಆ ಹುಡುಗಿ. ಅದರ ತಾಯಿ ಇನ್ನೂ ಬದುಕಿದಾಳಾ?”

ನಾನು ಬಾಯಿ ತೆರೆದೆ, ಮುಚ್ಚಿದೆ. ನೀನೇ ಎಂದು ಹೇಳಿದರೆ ನನ್ನ ತಲೆಯಿಂದ ಅದೂ ಹೋಗುತ್ತಿತ್ತು. ಆಮೇಲೆ ನಾವಿಬ್ಬರೂ ಅಲ್ಲಿ ಯಾರ ಸಿನಿಮಾ ನೋಡುತ್ತಿರುತ್ತಿದ್ದೆವು? ಹಲ್ಲು ಕಚ್ಚಿ ಕೂತೆ. ದೀಪ ಹತ್ತಿದ ಕೂಡಲೇ ಹೊರಗೆ ಬಂದೆ. ಮೆಟ್ಟಿಲ ಮೇಲೆ ಪ್ರಾಣೇಶ ಅರಳಿದ ಮುಖದಿಂದ ಎದುರಾದ. “ನಾಳೆದೂ ಆಗಲೇ ತುಂಬ್ತಾ ಇದೆ ಮೇಡಂ! ಎರಡನೇ ವಾರಕ್ಕೆ ಇನ್ನೊಂದು ಬೇಕಾಗುತ್ತೆ. ಅಮ್ಮನ ಹತ್ರ ಇನ್ನೇನಾದ್ರೂ ಇದ್ಯಾ? ನಿಮ್ಮ ತಂದೆಯವರದು, ಹಂಗೇನಾದ್ರೂ?” ಎಂದ. ಆಗಲೇ ನಾನು ಹೊಡೆದದ್ದು.

ಅವನು ತಿರುಗಿ ಕೈ ಎತ್ತಲಿಲ್ಲ, ಕೆನ್ನೆ ಹಿಡಿದುಕೊಂಡು ನಿಂತ. “ಹೊಡೀರಿ. ನಾನೂ ಕೊಟ್ಟೋನೇ ಮೇಡಂ. ನಮ್ಮೂರಿಗೆ ಬಂದ ಸಿನಿಮಾಕ್ಕೆಲ್ಲ ನಂದು ಒಂದೊಂದು ಹೇಳಿದೀನಿ. ನನ್ನ ಮದುವೆ ಯಾವುದೋ ದೆವ್ವದ ಸಿನಿಮಾಕ್ಕೆ ಹೋಯ್ತಂತೆ. ಹೆಂಡ್ತಿ ಅವಳಿಗೆ ನೆನಪಿದ್ದಷ್ಟು ನಂಗೆ ಹೇಳಿದ್ಲು, ಹೇಳಿ ಅವಳೂ ಮರೆತ್ಲು. ಅದನ್ನೂ ನಾನು ಇನ್ಯಾವುದೋ ಸಿನಿಮಾಕ್ಕೆ ಹೇಳ್ಬಿಟ್ಟೆನಂತೆ. ಈಗ ಇಬ್ರೂ ಆಲ್ಬಮ್ಮು ಇಟ್ಕೊಂಡು ಇವರ್ಯಾರು ಅವರ್ಯಾರು ಅಂತ ನೋಡ್ತೀವಿ” ಎಂದ. ಹೇಳಿ ಮುಗಿಸಿದವನೇ ರೆಪ್ಪೆ ಬಡಿದು, “ನಾನೇನೋ ಅಂದ್ನಲ್ಲ ಈಗ?” ಎಂದು ಕೇಳಿದ. ನನ್ನ ಪರ್ಸಿನಲ್ಲಿ ಬೆಲ್ಲವಿತ್ತು. ಕೊಡಲಿಲ್ಲ. ಹೊಡೆದದ್ದಕ್ಕೆ ಇಲ್ಲದ ಪಶ್ಚಾತ್ತಾಪ ಅದೊಂದಕ್ಕೆ ಇದೆ.

ನಾನು ಟಾಕೀಸಿನ ಮೆಟ್ಟಿಲ ಮೇಲೆಯೇ ನಿಂತು ಕೂಗಿದೆ. “ನಮ್ಮಮ್ಮ ಸಂತೇಲಿ ಹೇಳಿದ್ದು ಯಾರ್ಯಾರ ಹತ್ರ ಇದೆ? ಬಂದು ಅವಳಿಗೆ ವಾಪಸ್ ಹೇಳಿ! ಸಿನಿಮಾ ನೋಡಿದ್ರಲ್ಲ, ಇನ್ನು ಅದು ನಿಮಗ್ಯಾಕೆ?” ಪ್ರಾಣೇಶ ಗಾಬರಿಯಾಗಿ ನನ್ನ ತೋಳು ಹಿಡಿದ. “ಬೇಡಿ ಮೇಡಂ. ಅವರೆಲ್ಲ ವಾಪಸ್ ಹೇಳಿ ಮರೆತ್ರೆ ನಾಳೆ ಬಾಯಿಂದ ಬಾಯಿಗೆ ಹೋಗೋಕೆ ಏನು ಉಳಿಯುತ್ತೆ? ಸಿನಿಮಾ ಸತ್ತೇ ಹೋಗುತ್ತೆ.” “ಸಾಯಲಿ” ಎಂದೆ. ನಾಲ್ಕು ವರ್ಷದ ಸಿನಿಮಾಕ್ಕೆ ನನ್ನ ಬಾಯಿಂದಲೇ ಆ ಮಾತು ಬಂತು.

ಅಮ್ಮನನ್ನು ಟಿಕೆಟ್ ಕಿಟಕಿಯ ಪಕ್ಕ ಕುರ್ಚಿ ಹಾಕಿ ಕೂರಿಸಿದೆ. ಕೆಲವರು ಹಿಂಬಾಗಿಲಿನಿಂದ ಜಾರಿಕೊಂಡರು. ಅಷ್ಟು ಒಳ್ಳೆಯದು ಸಿಕ್ಕಿದೆ, ಯಾಕೆ ಕೊಡಬೇಕು ಎಂದು ಒಬ್ಬ ನನ್ನ ಮುಖಕ್ಕೇ ಕೇಳಿದ. ಆದರೂ ನಲವತ್ತು ಐವತ್ತು ಜನ ಸಾಲಾಗಿ ನಿಂತರು. ಒಬ್ಬೊಬ್ಬರೇ ಬಂದು ಅಮ್ಮನ ಮುಖ ನೋಡಿ ಹೇಳಿದರು, ಮರೆತರು, ಅಮ್ಮನ ಕೈಯಿಂದ ಬೆಲ್ಲ ತೆಗೆದುಕೊಂಡು ಹೋದರು. ನಾನು ಪಕ್ಕದಲ್ಲಿ ನಿಂತು ಕೇಳುತ್ತಿದ್ದೆ. ಬಿಂದಿಗೆಯವನು ತಂದ ಅಕ್ಕನಿಗೆ ಹಾವು ಕಚ್ಚಿತ್ತು. ಟೈಲರ್ ಹೆಂಡತಿ ತಂದ ಅಕ್ಕ ಕಾರ್ಖಾನೆಯ ರೈಟರ್ ಜೊತೆ ಓಡಿಹೋಗುವವಳಿದ್ದಳು. ಒಬ್ಬರ ಅಕ್ಕ ಕುಂಟಿ, ಒಬ್ಬರ ಅಕ್ಕ ಹಾಡುಗಾರ್ತಿ, ಒಬ್ಬರ ಅಕ್ಕನಿಗೆ ಅವಳಿ ಮಕ್ಕಳು. ಇವುಗಳಲ್ಲಿ ಯಾವುದು ಅಮ್ಮ ಹೇಳಿದ್ದು, ಯಾವುದು ಹಾದಿಯಲ್ಲಿ ಸೇರಿದ್ದು ಎಂದು ನನಗೂ ಗೊತ್ತಿರಲಿಲ್ಲ. ಅಮ್ಮ ಎಲ್ಲವನ್ನೂ ತಲೆದೂಗಿ ಕೇಳಿದಳು. ಕೊನೆಯವರು ಹೋದ ಮೇಲೆ ನಿಟ್ಟುಸಿರು ಬಿಟ್ಟು, “ಎಷ್ಟು ಜನ ಹೆಣ್ಣುಮಕ್ಕಳು ಸತ್ತಿದಾರಲ್ಲೇ ಈ ಊರಲ್ಲಿ!” ಎಂದಳು.

ಶನಿವಾರ ಕಾಲು ಟಾಕೀಸು ತುಂಬಿತು. ಭಾನುವಾರ ಹನ್ನೊಂದು ಜನ. ವಾರ ಪೂರ್ತಿ ಕೊಡುತ್ತೇವೆ ಎಂದಿದ್ದ ಟಾಕೀಸಿನವರು ಮಾತು ಮುರಿದರು, ಸೋಮವಾರ ದೊಡ್ಡ ಹೀರೋನ ಕಟೌಟು ಎದ್ದಿತು. ಕಾರ್ಖಾನೆಯ ಹೆಂಗಸರು ಮನೆಗೆ ಬಂದು, ಏನೂ ಹೇಳದೆ, ನನ್ನ ಬೆನ್ನು ಸವರಿ ಹೋದರು. ನಾನು ಒಂದು ವಾರ ಕಂಡಕಂಡವರಿಗೆಲ್ಲ ಬೈದೆ. ಹಾಲಿನವನಿಗೆ, ಟಾಕೀಸಿನವರಿಗೆ, ಕಿವಿ ಮುಚ್ಚಿಕೊಂಡ ಸುಶೀಲಕ್ಕನಿಗೆ. ಎಷ್ಟು ಬೈದರೂ ತಲೆಯೊಳಗಿನದು ಒಂದಿಷ್ಟೂ ಕಡಿಮೆಯಾಗಲಿಲ್ಲ. ದಿನಾ ಮಧ್ಯಾಹ್ನ ಅಮ್ಮ ಪಾತ್ರೆ ತೊಳೆದು ಫೋಟೋದ ಎದುರು ಹೋಗಿ ಕೂರುವುದು, ಕೂತು ಕೈ ಎಲ್ಲಿಡಬೇಕೆಂದು ತಿಳಿಯದವಳಂತೆ ಎದ್ದು ಬರುವುದು. ಅದನ್ನು ನೋಡುವುದು ನನ್ನಿಂದ ಆಗಲಿಲ್ಲ.

ಹತ್ತನೇ ದಿನ ನಾನೂ ಹೋಗಿ ಅವಳ ಎದುರು ಕೂತೆ. ನನ್ನ ಹತ್ತಿರವಿದ್ದದ್ದನ್ನು ಮೊದಲು ಬರೆದಿಟ್ಟುಕೊಂಡು ಆಮೇಲೆ ಹೇಳಬಹುದಿತ್ತು. ಪೆನ್ನೂ ತೆಗೆದಿದ್ದೆ. ಆದರೆ ಅದು ಪ್ರಾಣೇಶನ ಆಟೋ ಮೈಕಿನ ಹಾಗೆ ಆಗುತ್ತಿತ್ತು. ನಷ್ಟವಿಲ್ಲದೆ ಹೇಳಿದ್ದನ್ನು ನಮ್ಮಮ್ಮ ನಂಬುವವಳಲ್ಲ. ಪೆನ್ನಿನ ಮುಚ್ಚಳ ಹಾಕಿದೆ. ಫೋಟೋವನ್ನು ಗೋಡೆಯಿಂದ ಇಳಿಸಿ ಅವಳ ಮಡಿಲಲ್ಲಿಟ್ಟೆ. ಅವಳ ಮುಖ ನೋಡಿದೆ. ಹೇಳಲು ಬಾಯಿ ತೆರೆದದ್ದು ನೆನಪಿದೆ.

ಆಮೇಲೆ ನೆನಪಿರುವುದು ನನ್ನ ಬಾಯಲ್ಲಿದ್ದ ಬೆಲ್ಲ. ಅಮ್ಮ ಎರಡೂ ಕೈಯಿಂದ ಫೋಟೋವನ್ನು ಎದೆಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. “ಅಯ್ಯೋ ನಮ್ಮ ಇಂದೂ! ಅಯ್ಯೋ ನನ್ನ ಕಳ್ಳಿ!” ಎನ್ನುತ್ತಿದ್ದಳು. ಹಿಂದೆ ಫೋಟೋದ ಎದುರು ಕೂತು ನಗುತ್ತಿದ್ದ ಅದೇ ನಗು. ನನಗೊಬ್ಬ ಅಕ್ಕ ಇದ್ದಳು ಎನ್ನುವುದು ನನಗೆ ಗೊತ್ತು, ಸಿನಿಮಾ ಇದೆ, ಫೋಟೋ ಇದೆ. ಅವಳನ್ನು ನಾನು ಕಂಡದ್ದು ಮಾತ್ರ ಇಲ್ಲ. ಅಷ್ಟು ನಗುವಂಥದ್ದು ನನ್ನೊಳಗೆ ಏನಿತ್ತು? ತಡೆಯಲಾಗಲಿಲ್ಲ. “ನಾನೇನು ಹೇಳ್ದೆ ಅಮ್ಮಾ?” ಎಂದು ಕೇಳಿದೆ. ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು, ಫೋಟೋ ಎತ್ತಿಕೊಂಡು ಎದ್ದಳು.

“ಹೋಗೆ ಅತ್ಲಾಗೆ. ನಾನ್ಯಾಕೆ ಹೇಳ್ಲಿ?”